ದಂಪತಿಗಳ ವ್ಯಾಜ್ಯದಲ್ಲಿ ಮೂರನೆಯವರು

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಆಡಿಕೊಂಡು ಬಂದರು. ಉಂಡು ಮಲಗಿದ ಮೇಲೂ ತೀರದ ಜಗಳಗಳು ಅವರ ಕಾಲದಲ್ಲಿಯೂ ಇದ್ದುವೆಂಬುದಕ್ಕೆ ಊರೂರಿನ ದೈವದ ಕಟ್ಟೆಗಳೇ ಸಾಕ್ಷಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆತನಗಳಲ್ಲಿ ಮಗಳ ಸಂಸಾರ ಕೆಟ್ಟಿತೆಂದರೆ ಇಂದಿಗೂ ಮೊದಲು ಕೇಳಿಬರುವ ಮಾತು ‘ನಾಲ್ಕು ಮಂದಿ ಹಿರಿಯರನ್ನು ಕೂಡಿಸೋಣ’ ಎಂಬುದು. ಎರಡನೆಯದು ‘ಕೋರ್ಟಿಗೆ ಹೋಗೋಣ’ ಎಂಬುದು. ಈಚಿನ ಎರಡು ದಶಕಗಳಲ್ಲಿ ಮೂರನೆಯದೊಂದು ದಾರಿ ತೆರೆದಿದೆ. ಕೋರ್ಟಿನ ಮೆಟ್ಟಲೇರಿದವರನ್ನು ನ್ಯಾಯಾಧೀಶರೇ ಮಧ್ಯಸ್ಥರ ಕೋಣೆಗೆ ಕಳುಹಿಸಿಕೊಡುತ್ತಾರೆ. ಅಲ್ಲಿಗೆ ಹೋಗಬೇಕೆ, ಬೇಡವೆ ಎಂಬಲ್ಲಿ ಮನೆಯವರು ತಬ್ಬಿಬ್ಬಾಗುತ್ತಾರೆ. ‘ಇದು ನಮ್ಮ ಹಳೆಯ ಪಂಚಾಯತಿಯೇ ಅಲ್ಲವೆ?’ ಎನ್ನುವವರು ಕೆಲವರು. ‘ದಾವೆ ಹೂಡಿದ ಮೇಲೆ ರಾಜಿ ಏತಕ್ಕೆ?’ ಎನ್ನುವವರು ಕೆಲವರು. ಈ ಎರಡು ಪ್ರಶ್ನೆಗಳಿಗೂ ಉತ್ತರವು ಈ ಸೀಮೆಯ ನ್ಯಾಯದ ಇತಿಹಾಸದಲ್ಲಿಯೇ ಇದೆಯೆಂದು ನಮಗೆ ತೋರುವುದರಿಂದ ಅದನ್ನು ಇಲ್ಲಿ ತುಸು ಬಿಡಿಸಿ ನೋಡಲು ಹೊರಟಿದ್ದೇವೆ.

1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಸೊಲ್ಲಾಪುರದ ಕೋಟೆ ಕುಂಪಣಿಯ ಕೈಸೇರಿತು. ಮರುವರ್ಷ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು ಗೆದ್ದ ಸೀಮೆಯ ಬಗೆಗೆ ಬರೆದ ವರದಿಯಲ್ಲಿ ಇಲ್ಲಿಯ ವ್ಯಾಜ್ಯ ತೀರ್ಮಾನಕ್ಕೆ ಪಂಚಾಯತಿಯೇ ಮುಖ್ಯ ಸಾಧನವೆಂದು ದಾಖಲಿಸಿದನು. ಅದು ನಿಧಾನ, ಅನಿಶ್ಚಿತ, ತೀರ್ಪನ್ನು ನಡೆಯಿಸುವ ಬಲವಿಲ್ಲದ್ದು ಎಂದು ದೋಷಗಳನ್ನು ಎಣಿಸಿದ ಮೇಲೆಯೂ ಅದನ್ನು ಉಳಿಸಿಕೊಳ್ಳುವುದೇ ಲೇಸೆಂದು ಅವನ ಅಭಿಪ್ರಾಯವಾಗಿತ್ತು. ಪಂಚರು ಕೂಡುವ ಮೊದಲು ಎರಡೂ ಪಕ್ಷಗಳಿಂದ ‘ರಾಜಿನಾಮೆ’ ಬರೆಯಿಸಿಕೊಳ್ಳುವ ಪದ್ಧತಿಯಿತ್ತು. ಇಂದು ನಾವು ನೌಕರಿ ಬಿಡುವವನ ಕಾಗದಕ್ಕೆ ಈ ಹೆಸರು ಕೊಟ್ಟಿದ್ದೇವೆ. ಮೂಲದಲ್ಲಿ ಅದು ಒಪ್ಪಿಗೆಯ ಪತ್ರ. ನೀವು ಹೇಳಿದಂತೆ ಕೇಳುತ್ತೇವೆಂದು ಮೊದಲೇ ಬರೆದುಕೊಟ್ಟು ಕಟ್ಟೆಯ ಮುಂದೆ ನಿಲ್ಲಬೇಕಾಗಿತ್ತು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಮದುವೆಯ ಬಿಡುಗಡೆಯೂ ಜಾತಿಯ ಪಂಚರ ಮುಂದೆಯೇ ಆಗುತ್ತಿತ್ತು. ಬ್ರಾಹ್ಮಣರೇ ಮೊದಲಾದ ಕೆಲವರಲ್ಲಿ ಬಿಡುಗಡೆಯೇ ಇರಲಿಲ್ಲ. ಉಳಿದ ಅನೇಕ ಜಾತಿಗಳಲ್ಲಿ ಇತ್ತು. 1827ರಲ್ಲಿ ಆರ್ಥರ್ ಸ್ಟೀಲ್ ಎಂಬ ಅಧಿಕಾರಿ ದಖ್ಖಣದ ಜಾತಿಗಳ ರೂಢಿಗಳನ್ನು ಕಲೆಹಾಕಿ ಗ್ರಂಥವಾಗಿಸಿದನು. ಗಂಡನು ಬರೆದುಕೊಡುವ ಸೋಡಚೀಟಿ, ಕಡ್ಡಿಯೊಂದನ್ನು ಮುರಿದು ಸಂಬಂಧ ಮುರಿಯಿತೆಂದು ಸಾರುವ ಕಾಡೀಮೋಡ, ಆ ಬಳಿಕ ಸೀರೆಯುಡಿಸಿ ಮಾಡುವ ಉಡಿಕೆ, ಇವು ನಮ್ಮ ಅಜ್ಜಂದಿರಿಗೆ ಅಪರಿಚಿತ ಪದಗಳಾಗಿರಲಿಲ್ಲ. ಕಟ್ಟೆಯ ಮಾತೆಲ್ಲ ನಡೆದುದು ಮನೆಯ ನುಡಿಯಲ್ಲಿ. ಖರ್ಚು ಕಡಿಮೆ, ಊರಿಗೆ ಊರೇ ಸಾಕ್ಷಿ. ಆದರೆ ಕಟ್ಟೆಯ ಮೇಲೆ ಕುಳಿತವರು ಗಂಡಸರು. ಹೆಣ್ಣಿನ ಪರವಾಗಿ ಮಾತಾಡಿದವನು ಅವಳ ತಂದೆ ಇಲ್ಲವೆ ಅಣ್ಣ. ಅವಳು ಬಾಗಿಲ ಮರೆಯಲ್ಲಿ ನಿಂತು ತನ್ನ ಬಾಳಿನ ತೀರ್ಮಾನವನ್ನು ಕೇಳಿಸಿಕೊಂಡಳು. ಹಳೆಯ ಪಂಚಾಯತಿಯನ್ನು ಸ್ವರ್ಣಯುಗವೆಂದು ಹೊಗಳುವವರಲ್ಲಿ ನಾವು ಸೇರಲಾರದುದು ಇದಕ್ಕಾಗಿಯೇ.

ಬ್ರಿಟಿಷ್ ನ್ಯಾಯಾಲಯಗಳು ಬೇರೂರಿದಂತೆ ಕಟ್ಟೆಯ ಅಧಿಕಾರ ಕುಗ್ಗಿತು. 1876ರಲ್ಲಿ ಶಂಭು ರಘು ಎಂಬವನ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು, ಮದುವೆಯನ್ನು ರದ್ದುಪಡಿಸುವ ಅಥವಾ ಹೆಣ್ಣಿಗೆ ಮರುಮದುವೆಯ ಅಪ್ಪಣೆ ಕೊಡುವ ಜಾತಿಯ ಅಧಿಕಾರವನ್ನು ತಾನು ಮಾನ್ಯಮಾಡೆನೆಂದು ಹೇಳಿತು. ಎರಡೂ ಕಡೆಯವರು ಒಪ್ಪಿ ಬಿಡುವ ರೂಢಿಯ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ಅಷ್ಟು ಕಠಿಣವಾಗಿರಲಿಲ್ಲ. 1894ರಲ್ಲಿ ಮದರಾಸ್ ಹೈಕೋರ್ಟು ಅಂಥದೊಂದು ರೂಢಿಯನ್ನು ನೀತಿಬಾಹಿರವಲ್ಲವೆಂದು ಒಪ್ಪಿತು.

ಆ ಕಾಲದ ಮುಂಬಯಿಯ ಒಂದು ದಾವೆಯನ್ನು ಇಲ್ಲಿ ನಿಂತು ನೋಡಬೇಕು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾದ ರುಖ್ಮಾಬಾಯಿ ಗಂಡನ ಮನೆಗೆ ಹೋಗಲೊಲ್ಲೆನೆಂದಾಗ ಗಂಡ ದಾದಾಜಿ ಭಿಕಾಜಿ 1884ರಲ್ಲಿ ಕೋರ್ಟಿಗೆ ಹೋದನು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ದಾವೆಯನ್ನು ತಳ್ಳಿಹಾಕಿದರು. ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್ ಆಕೆ ಒಂದು ತಿಂಗಳೊಳಗೆ ಗಂಡನಲ್ಲಿಗೆ ಹೋಗಬೇಕೆಂದೂ ಹೋಗದಿದ್ದರೆ ಆರು ತಿಂಗಳ ಸೆರೆಮನೆಯೆಂದೂ ಆಜ್ಞೆ ಮಾಡಿದರು. ಸೆರೆಮನೆಗೆ ಹೋಗಲು ಸಿದ್ಧಳೆಂದಳು ಆಕೆ. ಕಡೆಗೆ ಈ ಗಂಟನ್ನು ಬಿಚ್ಚಿದ್ದು ಯಾವ ತೀರ್ಪೂ ಅಲ್ಲ. 1888ರಲ್ಲಿ ಕೋರ್ಟಿನ ಹೊರಗೆ ಆದ ಒಂದು ರಾಜಿ. ದಾದಾಜಿ 2000 ರೂಪಾಯಿ ಪಡೆದು ತನ್ನ ಹಟ ಬಿಟ್ಟನು. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಕೀಯ ಕಲಿತು ಬಂದು ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಬಹುಕಾಲ ಹೆಂಗಸರ ಸೇವೆ ಮಾಡಿದರು. ನಾಲ್ಕು ವರ್ಷ ವಕೀಲರೂ ನ್ಯಾಯಾಧೀಶರೂ ಕಾದಾಡಿದ್ದನ್ನು ಒಂದು ಒಪ್ಪಂದ ತೀರಿಸಿತೆಂಬುದು ನಿಜ. ಆದರೆ ಆ ಒಪ್ಪಂದ ನ್ಯಾಯವಾಗಿ ನಿಂತುದು ಏತಕ್ಕೆ? ‘ಒಲ್ಲೆ’ ಎನ್ನುವ ಶಕ್ತಿ ಆ ಹೆಣ್ಣಿಗೆ ಇದ್ದುದಕ್ಕೆ. ಆ ಶಕ್ತಿಯಿಲ್ಲದಿದ್ದರೆ ಅದೇ ರಾಜಿ ಆಕೆಯನ್ನು ಗಂಡನ ಮನೆಗೆ ಎಳೆದೊಯ್ಯುವ ರಾಜಿಯಾಗುತ್ತಿತ್ತು.

ಕಾನೂನು ಮುಂದುವರಿದ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಬಡೋದೆಯ ಸಂಸ್ಥಾನ 1931ರಲ್ಲಿ ಹಿಂದೂ ವಿಚ್ಛೇದನದ ಕಾಯಿದೆ ಮಾಡಿತು. ಮುಂಬಯಿ ಪ್ರಾಂತ 1947ರಲ್ಲಿ. ಹೀಗೆ ಸೊಲ್ಲಾಪುರ ಜಿಲ್ಲೆಯ ಹಿಂದೂ ಹೆಂಗಸಿಗೆ ಕೋರ್ಟಿನ ದಾರಿ ತೆರೆದಾಗ ಪಕ್ಕದ ಅಕ್ಕಲಕೋಟೆ, ಜತ್ತಗಳು ಇನ್ನೂ ಸಂಸ್ಥಾನಗಳಾಗಿಯೇ ಇದ್ದುವು. ಅವು ಮುಂಬಯಿಯಲ್ಲಿ ವಿಲೀನವಾದುದು 1948ರಲ್ಲಿ. 1955ರ ಮೇ 18ರಿಂದ ಹಿಂದೂ ವಿವಾಹ ಕಾಯಿದೆ ದೇಶಕ್ಕೆಲ್ಲ ಜಾರಿಗೆ ಬಂದು ಮುಂಬಯಿಯ ಕಾಯಿದೆಯನ್ನು ರದ್ದುಪಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೃದ್ಧೆ ರುಖ್ಮಾಬಾಯಿ ಕಣ್ಮುಚ್ಚಿದರು.

1955ರ ಕಾಯಿದೆಯ 23ನೆಯ ಕಲಮು ನ್ಯಾಯಾಧೀಶರಿಗೆ ಒಂದು ಕರ್ತವ್ಯ ವಿಧಿಸಿತು: ವಿಚ್ಛೇದನ ಕೊಡುವ ಮುನ್ನ, ಸಾಧ್ಯವಾದಲ್ಲೆಲ್ಲ, ದಂಪತಿಗಳನ್ನು ಕೂಡಿಸಲು ಪ್ರಯತ್ನಿಸಬೇಕು. 1976ರ ತಿದ್ದುಪಡಿ ಇದಕ್ಕಾಗಿ ಹದಿನೈದು ದಿನಗಳೊಳಗೆ ವಿಚಾರಣೆಯನ್ನು ಮುಂದೂಡಿ ಪಕ್ಷಗಳು ಸೂಚಿಸಿದ ವ್ಯಕ್ತಿಗೆ ವಿಷಯವನ್ನು ಒಪ್ಪಿಸುವ ಅವಕಾಶ ಕೊಟ್ಟಿತು. ಆದರೆ ಅದೇ ತಿದ್ದುಪಡಿ ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯನ್ನೂ ತೆರೆಯಿತು. ಕ್ರೌರ್ಯವನ್ನು ವಿಚ್ಛೇದನಕ್ಕೆ ಕಾರಣವೆಂದು ಸೇರಿಸಿತು. ಅಂದಿನಿಂದ ಮೂರನೆಯವನ ಕೆಲಸದ ಸ್ವರೂಪವೇ ಬದಲಾಯಿತು. ಮೊದಲು ಅವನು ಕೂಡಿಸುವವನು ಮಾತ್ರ. ಈಗ, ಕೂಡಲಾಗದವರನ್ನು ಕೆಡುಕಿಲ್ಲದೆ ಬೇರೆಮಾಡುವವನೂ ಹೌದು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ ಇದನ್ನು ಬಲಪಡಿಸಿತು. 1999ರಲ್ಲಿ ದಿವಾಣಿ ಪ್ರಕ್ರಿಯಾ ಸಂಹಿತೆಗೆ ಸೇರಿದ 89ನೆಯ ಕಲಮು 2002ರ ಜುಲೈನಿಂದ ಜಾರಿಗೆ ಬಂತು; 2005ರಿಂದೀಚೆಗೆ ಚೆನ್ನೈ, ಬೆಂಗಳೂರು ಮೊದಲಾದೆಡೆ ಕೋರ್ಟಿಗೆ ಹೊಂದಿದ ಮಧ್ಯಸ್ಥಿಕೆಯ ಕೇಂದ್ರಗಳು ಹುಟ್ಟಿದುವು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯಿದೆಯಾಯಿತು. ಮುಸಲ್ಮಾನ ಬಂಧುಗಳಿಗೆ ಈ ವಿಚಾರ ಹೊಸದಲ್ಲ; ಎರಡೂ ಮನೆತನಗಳಿಂದ ಒಬ್ಬೊಬ್ಬ ಪಂಚನನ್ನು ಆರಿಸಬೇಕೆಂದು ಕುರಾನಿನಲ್ಲಿಯೇ ಇದೆ.

ಹಾಗಾದರೆ ಈ ಕೋಣೆ ಹಳೆಯ ಕಟ್ಟೆಯೇ? ಅಲ್ಲವೆಂಬುದು ನಮ್ಮ ಉತ್ತರ. ಕಟ್ಟೆಯ ಪಂಚರು ತೀರ್ಪು ಕೊಡುತ್ತಿದ್ದರು. ಮಧ್ಯಸ್ಥನಿಗೆ ತೀರ್ಪಿನ ಅಧಿಕಾರವಿಲ್ಲ. ಕಟ್ಟೆಯಲ್ಲಿ ಮೊದಲೇ ರಾಜಿನಾಮೆ. ಇಲ್ಲಿ ಕೊನೆಯಲ್ಲಿ, ಅದೂ ಮನಸ್ಸಿದ್ದರೆ. ಕಟ್ಟೆಯ ಮಾತು ಸಂತೆಗೆ ಹೋಗುತ್ತಿತ್ತು. ಕೋಣೆಯ ಮಾತು ಕೋಣೆಯಲ್ಲಿಯೇ ಉಳಿಯತಕ್ಕದ್ದು. ಮೋತಿರಾಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ: ರಾಜಿಯಾಗದಿದ್ದರೆ ಮಧ್ಯಸ್ಥನು ‘ಸಫಲವಾಗಲಿಲ್ಲ’ ಎಂದಷ್ಟೇ ಬರೆದು ಕಳುಹಿಸಬೇಕು, ಯಾರು ಏನೆಂದರೆಂಬುದನ್ನು ಬರೆಯಕೂಡದು. ಗಂಡಹೆಂಡಿರನ್ನು ಬೇರೆ ಬೇರೆಯಾಗಿ ಕರೆದು ಕೇಳುವ ಪದ್ಧತಿಯೂ ಇಲ್ಲಿ ಇದೆ. ಬಾಗಿಲ ಮರೆಯಲ್ಲಿ ನಿಂತವಳಿಗೆ ಕುರ್ಚಿ ಸಿಕ್ಕಿತೆನ್ನಬಹುದು.

ದಾವೆ ಹೂಡಿದ ಮೇಲೆ ರಾಜಿ ಏತಕ್ಕೆ ಎನ್ನುವವರಿಗೆ ಮಕ್ಕಳನ್ನು ತೋರಿಸಬೇಕು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮಗು ಯಾವ ರಜೆಯಲ್ಲಿ ಯಾರ ಮನೆಯಲ್ಲಿರಬೇಕು, ಯಾವ ಶಾಲೆಗೆ ಹೋಗಬೇಕು, ಜಾತ್ರೆಗೆ ಅಜ್ಜಿಯ ಊರಿಗೆ ಬರಬಹುದೆ, ಇಂಥವನ್ನು ತೀರ್ಪಿನ ಭಾಷೆ ಒರಟಾಗಿ ಹೇಳುತ್ತದೆ. ತಾಯಿತಂದೆಗಳು ಕುಳಿತು ಬರೆದುಕೊಂಡ ಒಪ್ಪಂದ ನವುರಾಗಿ ಹೇಳಬಲ್ಲುದು. ಬೇರೆಯಾಗುವುದು ಇಬ್ಬರಿಗೂ ಒಪ್ಪಿಗೆಯಾಗಿ ಹಣ, ಒಡವೆ, ಮಕ್ಕಳ ಮಾತಷ್ಟೇ ಉಳಿದಿದ್ದರೆ ಮಧ್ಯಸ್ಥಿಕೆಗೆ ಹೋಗದಿರುವುದು ತಪ್ಪೆಂದೇ ನಮ್ಮ ಎಣಿಕೆ.

ಆದರೆ ಎಲ್ಲ ಮನೆಯೂ ಹಾಗಿರುವುದಿಲ್ಲ. ಹೊಡೆತಕ್ಕೆ ಅಂಜಿದವಳು ಹೊಡೆದವನ ಎದುರಿಗೆ ಕುಳಿತು ಏನನ್ನು ಬೇಡಿಯಾಳು? ಅಂಥವಳಿಗೆ ಮೊದಲು ಬೇಕಾದುದು 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆಯ ರಕ್ಷಣೆಯ ಆಜ್ಞೆ, ಇರಲು ಮನೆ, ಜೀವನಾಂಶ, ಮಾತುಕತೆ ಅನಂತರದ್ದು. 2013ರಲ್ಲಿ ಶ್ರೀನಿವಾಸರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಿರುಕುಳದ ಕ್ರಿಮಿನಲ್ ದೂರುಗಳನ್ನೂ ಮಧ್ಯಸ್ಥಿಕೆಗೆ ಕಳುಹಿಸಬಹುದೆಂದಿತು. ಆದರೆ ಇಬ್ಬರಿಗೂ ಮನಸ್ಸಿರಬೇಕೆಂದೂ ಕಾನೂನಿನ ಬಿಗಿ ಸಡಿಲವಾಗಬಾರದೆಂದೂ ಎಚ್ಚರಿಸಿತು. ಗಂಡನು ತನ್ನ ಆದಾಯವನ್ನು ಮರೆಮಾಚುತ್ತಿದ್ದಾನೆಂಬ ಸಂಶಯವಿದ್ದಲ್ಲಿಯೂ ಲೆಕ್ಕಪತ್ರಗಳು ಕೋರ್ಟಿನ ಮುಂದೆ ಬರುವವರೆಗೆ ಕಾಯುವುದು ಲೇಸು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಉಂಟು. ಇಲ್ಲಿಯ ಜಿಲ್ಲಾ ಕೋರ್ಟಿನ ನುಡಿ ಮರಾಠಿ, ಮೇಲಕ್ಕೆ ಹೋದರೆ ಇಂಗ್ಲಿಷು. ಸಂತೆಯಲ್ಲಿ ಮರಾಠಿಯನ್ನು ನೀರು ಕುಡಿದಂತೆ ಆಡುವ ನಮ್ಮ ಹೆಣ್ಣುಮಕ್ಕಳು ಸಹ ನೋವಿನ ಮಾತು ಬಂದಾಗ ಕನ್ನಡಕ್ಕೆ ಹೊರಳುತ್ತಾರೆ, ಅದು ಸಹಜ. ಸಾಕ್ಷಿಕಟ್ಟೆಯಲ್ಲಿ ಆ ಮಾತು ಇನ್ನೊಬ್ಬರ ಬಾಯಿಂದ ಭಾಷಾಂತರವಾಗಿ ಕಾಗದಕ್ಕಿಳಿಯುತ್ತದೆ. ಮಧ್ಯಸ್ಥಿಕೆಯ ಕೋಣೆಯಲ್ಲಿ ಮಾತುಕತೆ ಯಾವ ನುಡಿಯಲ್ಲಿಯೂ ನಡೆಯಬಹುದು. ಕನ್ನಡ ಬಲ್ಲ ಮಧ್ಯಸ್ಥರನ್ನು ಮೊದಲ ದಿನವೇ ಕೇಳಬೇಕು. ಅಂಥವರು ಇಲ್ಲದಿದ್ದರೆ ಕನ್ನಡ ಬಲ್ಲ ವಕೀಲರನ್ನು ಜೊತೆಗಿಟ್ಟುಕೊಳ್ಳಬೇಕು. ಒಪ್ಪಂದದ ಬರಹ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದು ಅನಿವಾರ್ಯವಾದರೂ ಪ್ರತಿಯೊಂದು ಕಲಮನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬಾರದು. ‘ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ’ ಎಂಬ ಒಂದು ಸಾಲು ಇಡೀ ಜೀವಮಾನದ ಮೇಲೆ ಕುಳಿತುಕೊಳ್ಳಬಲ್ಲುದು.

ಊರ ಹಿರಿಯರು ಛಾಪಾಕಾಗದದ ಮೇಲೆ ಬರೆಯಿಸಿಕೊಡುವ ಬಿಡುಗಡೆ ಪತ್ರವನ್ನೂ ಇಲ್ಲಿ ನೆನೆಯಬೇಕು. ಆ ರೂಢಿ ನಮ್ಮಲ್ಲಿ ಇನ್ನೂ ಸತ್ತಿಲ್ಲ. 1955ರ ಕಾಯಿದೆಯ 29ನೆಯ ಕಲಮು ರೂಢಿಯ ಬಿಡುಗಡೆಯನ್ನು ಉಳಿಸಿಕೊಟ್ಟಿದೆಯೆಂಬುದು ನಿಜ. ಆದರೆ ಆ ಜಾತಿಯಲ್ಲಿ ಆ ರೂಢಿ ಇತ್ತೆಂದು ಕೋರ್ಟಿನಲ್ಲಿ ಹೇಳಿ ರುಜುವಾತುಪಡಿಸಬೇಕೆಂದು 2002ರ ಯಮನಾಜಿ ಜಾಧವ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ರುಜುವಾತಾಗದಿದ್ದರೆ ಪತ್ರ ಬರೀ ಕಾಗದ. ಅದನ್ನು ನಂಬಿ ಎರಡನೆಯ ಮದುವೆಯಾದ ಹೆಣ್ಣಿನ ಪಾಡು, ಅವಳ ಮಕ್ಕಳ ಆಸ್ತಿಯ ಪಾಡು ಏನೆಂಬುದನ್ನು ಪತ್ರ ಬರೆಯಿಸಿದ ಹಿರಿಯರು ಆಮೇಲೆ ವಿಚಾರಿಸಲು ಬರುವುದಿಲ್ಲ.

ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದ ಮರಳಿ ಕೋರ್ಟಿಗೆ ಬಂದು, ಇಬ್ಬರ ಕೂಡು ಅರ್ಜಿಯ ಮೇಲೆ ತೀರ್ಪಾಗಬೇಕು. ಅದಕ್ಕೆ ಕಾಯಿದೆ ಆರು ತಿಂಗಳ ಅವಧಿ ಇಟ್ಟಿದೆ. ದೀರ್ಘಕಾಲ ಬೇರೆಯಾಗಿದ್ದು ಎಲ್ಲ ಮಾತೂ ಮುಗಿದಿರುವಲ್ಲಿ ಅದನ್ನು ಮನ್ನಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಪ್ಪಂದದಿಂದ ಪಡೆದುದನ್ನು ಇಟ್ಟುಕೊಂಡು ಮಾತು ತಪ್ಪುವವರನ್ನು ನ್ಯಾಯಾಲಯ ಸುಮ್ಮನೆ ಬಿಡುವುದಿಲ್ಲ. ಆದರೂ, ಸಹಿ ಹಾಕಿಬಂದ ರಾತ್ರಿ ನಿದ್ದೆ ಬಾರದವಳಿಗೆ 1991ರ ಸುರೇಷ್ಟಾದೇವಿಯ ಪ್ರಕರಣ ಇದೆ: ಸಮ್ಮತಿಯು ಅರ್ಜಿಯ ದಿನ ಇದ್ದರೆ ಸಾಲದು, ತೀರ್ಪಿನ ದಿನದವರೆಗೂ ಇರಬೇಕು, ಅದಕ್ಕೂ ಮುನ್ನ ಹಿಂದೆಗೆದುಕೊಂಡರೆ ಸಮ್ಮತಿಯ ವಿಚ್ಛೇದನವಾಗದು. ಕಡೆಯ ದಿನ ನ್ಯಾಯಾಧೀಶರು ಇಬ್ಬರನ್ನೂ ಕರೆದು ‘ಒಪ್ಪಿಗೆಯೆ?’ ಎಂದು ಮತ್ತೊಮ್ಮೆ ಕೇಳುತ್ತಾರೆ. ಅಲ್ಲಿ ಉತ್ತರ ಕೊಡಬೇಕಾದವನು ತಂದೆಯಲ್ಲ, ಅಣ್ಣನಲ್ಲ, ಅವಳೇ.