ಹಾಸನ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ: ಅಲ್ಪಾಯುವಾದ ಒಂದು ಗ್ರಾಮೀಣ ಮತಕ್ಷೇತ್ರದ ಚರಿತ್ರೆ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊಣನೂರು ಕಾವೇರಿ ನದಿಯ ದಡದಲ್ಲಿದೆ. ಊರಿನಿಂದ ತುಸು ದೂರ ಸಾಗಿದರೆ ಕೊಡಗಿನ ಶಿರಂಗಾಲ. ಹೊಳೆಯ ಆಚೆಗೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ಸೀಮೆ. ಕಟ್ಟೇಪುರದ ಹಳೆಯ ಅಣೆಕಟ್ಟೆ ಮತ್ತು ರಾಮನಾಥಪುರದ ರಾಮೇಶ್ವರ ಕ್ಷೇತ್ರಗಳು ಈ ಸೀಮೆಯ ಜನಜೀವನವನ್ನು ಹೊಳೆಯ ಎರಡೂ ದಡಗಳಿಗೆ ಹೊಂದಿಸಿವೆ. ಆದರೆ ಶಾಸನಸಭೆಗಳ ಕ್ಷೇತ್ರವಿಂಗಡಣೆ ಹೊಳೆಯನ್ನಾಗಲಿ ಸಂತೆಯನ್ನಾಗಲಿ ಅನುಸರಿಸುವುದಿಲ್ಲ. ಅದು ಜನಗಣತಿಯ ಅಂಕಿಗಳನ್ನೂ ಆಡಳಿತದ ಗಡಿಗಳನ್ನೂ ಅನುಸರಿಸುತ್ತದೆ. 1952ರಿಂದ 1957ರವರೆಗೆ ಒಂದೇ ಲೋಕಸಭೆಯ ಅವಧಿಗೆ ಮಾತ್ರ ಅಸ್ತಿತ್ವದಲ್ಲಿದ್ದ ‘ಹಾಸನ-ಚಿಕ್ಕಮಗಳೂರು’ ಕ್ಷೇತ್ರ ಇದಕ್ಕೆ ಒಳ್ಳೆಯ ನಿದರ್ಶನ.

ಈ ಕ್ಷೇತ್ರದ ಮಹತ್ವವನ್ನು ಅರಿಯಲು ಅದಕ್ಕೆ ಹಿಂದಿನ ಸ್ಥಿತಿಯನ್ನು ಗಮನಿಸಬೇಕು. ಪ್ರಾತಿನಿಧಿಕ ಸಂಸ್ಥೆಗಳ ವಿಷಯದಲ್ಲಿ ಮೈಸೂರು ಸಂಸ್ಥಾನ ಮುಂದಿತ್ತೆಂಬುದು ಸರ್ವವಿದಿತ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ತಾಲ್ಲೂಕುಗಳ ಭೂಮಾಲೀಕರೂ ವರ್ತಕರೂ ದಸರೆಯ ಅಧಿವೇಶನಕ್ಕೆ ಹೋಗಿ ಕೆರೆ, ಕಾಲುವೆ, ಕಂದಾಯಗಳ ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಆದರೆ ಆ ದನಿ ಮೈಸೂರಿನಿಂದಾಚೆಗೆ ಕೇಳಿಸುತ್ತಿರಲಿಲ್ಲ. ದೆಹಲಿಯೊಡನೆ ಸಂಸ್ಥಾನದ ವ್ಯವಹಾರವೆಲ್ಲ ಅರಮನೆ, ದಿವಾನರು ಮತ್ತು ರೆಸಿಡೆಂಟರ ಮೂಲಕವೇ ನಡೆಯುತ್ತಿತ್ತು.

ಬ್ರಿಟಿಷ್ ಆಳ್ವಿಕೆಗೆ ನೇರವಾಗಿ ಒಳಪಟ್ಟ ಕನ್ನಡ ಪ್ರದೇಶಗಳ ಸ್ಥಿತಿ ಬೇರೆಯಾಗಿತ್ತು. 1919ರ ಕಾಯಿದೆಯ ಅನ್ವಯ ರಚನೆಯಾದ ಕೇಂದ್ರ ಶಾಸನಸಭೆಗೆ ಬೆಳಗಾವಿ, ಧಾರವಾಡ ಮೊದಲಾದ ಜಿಲ್ಲೆಗಳು ‘ಬೊಂಬಾಯಿ ದಕ್ಷಿಣ ವಿಭಾಗ ಮುಸ್ಲಿಮೇತರ ಗ್ರಾಮಾಂತರ’ ಎಂಬ ಕ್ಷೇತ್ರದಿಂದಲೂ, ದಕ್ಷಿಣ ಕನ್ನಡವು ‘ಪಶ್ಚಿಮ ಕರಾವಳಿ ಮತ್ತು ನೀಲಗಿರಿ’ ಕ್ಷೇತ್ರದಿಂದಲೂ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದವು. ಅಲ್ಲಿ ‘ಗ್ರಾಮಾಂತರ’ ಎಂಬುದು ಕ್ಷೇತ್ರದ ಹೆಸರಿನಲ್ಲಿಯೇ ಸೇರಿತ್ತು. ಆಸ್ತಿಯ ಅರ್ಹತೆ ಇದ್ದುದರಿಂದ ಹಳ್ಳಿಯ ಬಹುಪಾಲು ಜನ ಅದರಿಂದ ಹೊರಗುಳಿದಿದ್ದರೆಂಬುದು ಬೇರೆ ಮಾತು. ಹಾಸನ ಸೀಮೆಯ ರೈತನಿಗಾದರೋ ಅಂಥ ಸೀಮಿತ ಅವಕಾಶವೂ ಇರಲಿಲ್ಲ. ಸಂವಿಧಾನ ರಚನಾ ಸಭೆಗೆ ಮೈಸೂರಿನಿಂದ ಹೋದ 7 ಮಂದಿ ಸದಸ್ಯರೂ ಜನರ ನೇರ ಮತದಿಂದ ಆರಿಸಿ ಹೋದವರಲ್ಲ. ಆದ್ದರಿಂದ 1951-52ರ ಮಹಾಚುನಾವಣೆ ಹಳೆಯ ಮೈಸೂರಿನ ಹಳ್ಳಿಗರಿಗೆ ಎರಡು ಅರ್ಥದಲ್ಲಿ ಹೊಸದು. 21 ವರ್ಷ ತುಂಬಿದ ಗಂಡಸರಿಗೂ ಹೆಂಗಸರಿಗೂ, ಕಂದಾಯ ಕಟ್ಟುವವರಿಗೂ ಕೂಲಿಯವರಿಗೂ ಸಮಾನ ಮತ ದೊರೆಯಿತು. ದೆಹಲಿಯ ಸಭೆಗೆ ತಮ್ಮವರೊಬ್ಬರನ್ನು ಕಳುಹಿಸುವ ಅಧಿಕಾರವೂ ಅದೇ ದಿನ ದೊರೆಯಿತು. ಎರಡನೆಯ ಅಂಶವನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿದಂತಿಲ್ಲ.

ಅಂದಿನ ಮೈಸೂರು ರಾಜ್ಯಕ್ಕೆ 11 ಲೋಕಸಭಾ ಸ್ಥಾನಗಳಿದ್ದವು. ಕೋಲಾರ ಮತ್ತು ಮೈಸೂರು ದ್ವಿಸದಸ್ಯ ಕ್ಷೇತ್ರಗಳಾಗಿದ್ದುದರಿಂದ ಕ್ಷೇತ್ರಗಳ ಸಂಖ್ಯೆ 9. ಹಾಸನ ಮತ್ತು ಚಿಕ್ಕಮಗಳೂರುಗಳನ್ನು ಜೋಡಿಸಿ ಏಕಸದಸ್ಯ ಕ್ಷೇತ್ರವೊಂದನ್ನು ರಚಿಸಲಾಯಿತು. ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆ ಇಟ್ಟು ಅದರ ಮೇಲೆ ಚಿಹ್ನೆ ಅಂಟಿಸುವ ಪದ್ಧತಿ ಆಗಿತ್ತು. ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ಓದುಬರಹ ಬಾರದ ಉಳುವವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪನವರು ಇಲ್ಲಿಂದ ಆಯ್ಕೆಯಾದರು. ರಾಜ್ಯದ 11 ಸ್ಥಾನಗಳಲ್ಲಿ 10 ಕಾಂಗ್ರೆಸ್ಸಿಗೆ ಸಂದವು. ಉಳಿದ ಒಂದನ್ನು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿಯವರು ಮೈಸೂರಿನಿಂದ ಗೆದ್ದರು. ಕೊಣನೂರಿನ ನೆರೆಯ ಕೊಡಗು ಆಗ ‘ಸಿ’ ವರ್ಗದ ಪ್ರತ್ಯೇಕ ರಾಜ್ಯ. ಅದಕ್ಕೆ ತನ್ನದೇ ಆದ ಲೋಕಸಭಾ ಸ್ಥಾನವಿತ್ತು. ಹೀಗೆ ಕಾವೇರಿಯ ಈ ಒಂದು ತಿರುವಿನ ಸುತ್ತಮುತ್ತಲ ಹಳ್ಳಿಗಳು ಮೂರು ಬೇರೆ ಬೇರೆ ಕ್ಷೇತ್ರಗಳ ಅಂಚುಗಳಾಗಿದ್ದವು.

ಹಾಸನ-ಚಿಕ್ಕಮಗಳೂರು ಜೋಡಣೆ ಸಹಜವೇ ಆಗಿತ್ತೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆಗಳು ಕಾಫಿ, ಏಲಕ್ಕಿಗಳ ಒಂದೇ ಮಲೆನಾಡು. ಜಿಲ್ಲೆಯ ಗಡಿ ಅವುಗಳನ್ನು ಕಾಗದದ ಮೇಲೆ ಮಾತ್ರ ಬೇರ್ಪಡಿಸುತ್ತದೆ. ಚನ್ನರಾಯಪಟ್ಟಣದ ತೆಂಗು, ರಾಗಿಗಳ ಬಯಲಿಗೂ ಶೃಂಗೇರಿ ಕೊಪ್ಪಗಳ ಅಡಕೆ ತೋಟಗಳಿಗೂ ಇಂಥ ಹೋಲಿಕೆ ಇಲ್ಲ. ಕಾಫಿ ಬೆಳೆಗಾರನಿಗೆ ದೆಹಲಿ ಅತ್ಯಂತ ನಿಕಟವಾದುದು: 1942ರ ಕಾಯಿದೆಯ ನಂತರ ಕಾಫಿ ಮಾರಾಟ ಕೇಂದ್ರದ ಅಧೀನದ ಕಾಫಿ ಮಂಡಳಿಯ ಹತೋಟಿಯಲ್ಲಿತ್ತು. ಕೊಣನೂರು, ಹೊಳೆನರಸೀಪುರಗಳ ನಾಲೆಬಯಲಿನ ಭತ್ತದ ರೈತನಿಗೆ ಬೇಕಾದುದು ನೀರು. ಅದರ ಲೆಕ್ಕ ಬೆಂಗಳೂರಿನಲ್ಲಿ ನಡೆಯುತ್ತಿತ್ತು. ಒಬ್ಬನೇ ಸದಸ್ಯ ಈ ಇಬ್ಬರ ಪರವಾಗಿಯೂ ಮಾತನಾಡಬೇಕಾಗಿತ್ತು. ಮುಂದೆ 1976ರಲ್ಲಿ ಕೇಂದ್ರದ ತಂಬಾಕು ಮಂಡಳಿ ಸ್ಥಾಪನೆಯಾಗಿ ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆ ಬಂದ ಮೇಲೆ ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನೂ ದೆಹಲಿಯ ಕಡೆಗೆ ನೋಡತೊಡಗಿದನು. ಅಷ್ಟರಲ್ಲಿ ಹಳೆಯ ಜೋಡಣೆ ಮುರಿದು ಎರಡು ದಶಕಗಳು ಕಳೆದಿದ್ದವು.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ಮೈಸೂರು ರಾಜ್ಯದ ಲೋಕಸಭಾ ಸ್ಥಾನಗಳು 26ಕ್ಕೇರಿದವು. 1957ರ ಚುನಾವಣೆಯಲ್ಲಿ ‘ಹಾಸನ’ ಮಾತ್ರ ಉಳಿಯಿತು; ಚಿಕ್ಕಮಗಳೂರಿನ ಹೆಸರು ಕ್ಷೇತ್ರಗಳ ಪಟ್ಟಿಯಿಂದಲೇ ಮರೆಯಾಯಿತು. ಹತ್ತು ವರ್ಷಗಳ ನಂತರ, 1967ರಲ್ಲಿ, ಅದು ಸ್ವತಂತ್ರ ಕ್ಷೇತ್ರವಾಗಿ ಮರಳಿ ಬಂದಿತು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಆ ಸ್ಥಾನದಿಂದ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿದ್ದು ಜಗತ್ತಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು.

ಹಾಸನ ಕ್ಷೇತ್ರದ ಚರಿತ್ರೆಯನ್ನು 1991ರಲ್ಲಿ ಎಚ್.ಡಿ. ದೇವೇಗೌಡರು ಲೋಕಸಭೆಗೆ ಆಯ್ಕೆಯಾದಂದಿನಿಂದ ಆರಂಭಿಸುವ ರೂಢಿ ಬೆಳೆದಿದೆ. ಇದು ಅಸಮರ್ಪಕ. ಸಿದ್ದನಂಜಪ್ಪನವರು 1957 ಮತ್ತು 1962ರಲ್ಲಿಯೂ ಇಲ್ಲಿಂದ ಗೆದ್ದರು. 1967ರಲ್ಲಿ ಮತದಾರರು ಸ್ವತಂತ್ರ ಪಕ್ಷದ ಎನ್. ಶಿವಪ್ಪನವರನ್ನು ಆರಿಸಿದರು, 1971ರಲ್ಲಿ ರಾಜ್ಯದ 27 ಸ್ಥಾನಗಳೂ ಕಾಂಗ್ರೆಸ್ಸಿಗೆ ಹೋದಾಗ ಅದೇ ಶಿವಪ್ಪನವರು ಕಾಂಗ್ರೆಸ್ಸಿನವರಾಗಿ ಗೆದ್ದರು. 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಒಲಿದವು ಎರಡೇ: ಬೆಂಗಳೂರು ದಕ್ಷಿಣ ಮತ್ತು ಹಾಸನ. ರಾಜಧಾನಿಯ ವಿದ್ಯಾವಂತ ಮತದಾರರ ನಿಲುವಿಗೆ ಕಾರಣ ಊಹಿಸುವುದು ಸುಲಭ. ಪೂರ್ಣವಾಗಿ ಕೃಷಿಪ್ರಧಾನವಾದ ಹಾಸನ ಎಸ್. ನಂಜೇಶಗೌಡರನ್ನು ಗೆಲ್ಲಿಸಿದ್ದು ಹೆಚ್ಚಿನ ಸಂಶೋಧನೆಯನ್ನು ಬಯಸುವ ವಿಷಯ. ಹೊಳೆನರಸೀಪುರದಿಂದ ದೇವೇಗೌಡರು ಪಕ್ಷೇತರರಾಗಿ 1962ರಲ್ಲಿಯೇ ವಿಧಾನಸಭೆಗೆ ಬಂದಿದ್ದನ್ನೂ ಇದರ ಜೊತೆಗಿಟ್ಟು ನೋಡಬೇಕು. ಕಾಂಗ್ರೆಸ್ ವಿರೋಧದ ಪ್ರವೃತ್ತಿ ಈ ನೆಲಕ್ಕೆ ಹೊಸದಲ್ಲ, ಒಬ್ಬ ನಾಯಕನಿಂದಲೇ ಹುಟ್ಟಿದುದೂ ಅಲ್ಲ. 1980 ಮತ್ತು 1984ರಲ್ಲಿ ಎಚ್.ಎನ್. ನಂಜೇಗೌಡರು, 1989ರಲ್ಲಿ ಎಚ್.ಸಿ. ಶ್ರೀಕಂಠಯ್ಯನವರು ಕಾಂಗ್ರೆಸ್ಸಿನಿಂದ ಆಯ್ಕೆಯಾದರು. ಮಾಜಿ ಪ್ರಧಾನಿಯನ್ನೇ 1999ರಲ್ಲಿ ಜಿ. ಪುಟ್ಟಸ್ವಾಮಿಗೌಡರ ಎದುರು ಸೋಲಿಸಿದವರೂ ಇದೇ ಮತದಾರರು. 2024ರಲ್ಲಿ ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲರು ಪ್ರಜ್ವಲ್ ರೇವಣ್ಣನವರನ್ನು ಸೋಲಿಸಿದಾಗ ಆ ಫಲಿತಾಂಶ ಮತ್ತೆ ನೆನಪಾಯಿತು.

2008ರ ಕ್ಷೇತ್ರ ಪುನರ್ವಿಂಗಡಣೆ ಚಿಕ್ಕಮಗಳೂರು ಕ್ಷೇತ್ರವನ್ನು ಮತ್ತೊಮ್ಮೆ ರದ್ದುಗೊಳಿಸಿತು. ಚಿಕ್ಕಮಗಳೂರು, ಶೃಂಗೇರಿ, ಮೂಡಿಗೆರೆ, ತರೀಕೆರೆಗಳು ಘಟ್ಟದ ಕೆಳಗಿನ ಉಡುಪಿಯೊಡನೆ ಸೇರಿದವು. ಕಡೂರು ಮಾತ್ರ ಹಾಸನಕ್ಕೆ ಬಂದಿತು. ಕಡೂರಿನ ರೈತ ಇಂದು ಪಹಣಿಯ ತಕರಾರಿಗೆ ಚಿಕ್ಕಮಗಳೂರಿನ ಜಿಲ್ಲಾ ಕಚೇರಿಗೆ ಹೋಗುತ್ತಾನೆ, ಸಂಸದರಿಗೆ ಅರ್ಜಿ ಕೊಡಲು ಹಾಸನದ ಕಡೆಗೆ ನೋಡುತ್ತಾನೆ. 1952ರ ಜೋಡಣೆಯಲ್ಲಿ ಉಳಿದಿರುವ ತುಣುಕು ಇದೊಂದೇ. ಕೊಣನೂರು ಅರಕಲಗೂಡು ವಿಧಾನಸಭಾ ಕ್ಷೇತ್ರದ ಭಾಗವಾಗಿ ಹಾಸನದಲ್ಲಿಯೇ ಇದೆ; ನೆರೆಯ ಕೊಡಗು ಮತ್ತು ಹೊಳೆಯಾಚೆಯ ಪಿರಿಯಾಪಟ್ಟಣಗಳು ಈಗ ಒಟ್ಟಾಗಿ ಮೈಸೂರು ಕ್ಷೇತ್ರದಲ್ಲಿವೆ.