ಪೇಟಿಗೂ ಹಂಗ ಅಂದಿದ್ರು

ಹುಡುಗಿಗೆ ಕೀಬೋರ್ಡ್ ಕೊಡಸೂಣು ಅಂದ್ರ ಹಿರೇರು 'ಆಟಿಗಿ ಸಾಮಾನು' ಅಂತಾರ. ವೈನಿ, ಈ ಮಾತು ಹಳೇದು.

ಪೇಟಿ ಯುರೋಪಿನಿಂದ ಬಂದಾಗ ಕಾಲಿಲೆ ತುಳಿಯೂದಿತ್ತು. ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನ ನೆಲದ ಮ್ಯಾಲೆ ಕೂತು ಕೈಲೆ ಗಾಳಿ ಹಾಕೂ ಹಂಗ ಮಾಡಿ ಮಾರಿದ್ರು. ಹೊತಗೊಂಡು ಹೋಗಾಕ ಹಗರಾತು, ಭಜನಿ, ನಾಟಕ, ಮನಿ ಎಲ್ಲಾ ಹೊಕ್ಕಿತು. ಆದ್ರ ಆಲ್ ಇಂಡಿಯಾ ರೇಡಿಯೋ 1940ರಾಗ ಅದನ್ನ ಹೊರಗಿಟ್ಟಿತು: ಮೀಂಡ್ ಬರೂದಿಲ್ಲ, ಸ್ವರ ನಮ್ಮ ಶ್ರುತಿಗೆ ಕೂಡೂದಿಲ್ಲ ಅಂತ. 1971ರಾಗ ಒಂದಿಷ್ಟು ಸಡಲ ಮಾಡಿದ್ರು. ಮನಿಯೊಳಗ ಮಾತ್ರ ಯಾರೂ ಪೇಟಿ ಬಿಡಲಿಲ್ಲ.

ಕ್ಯಾಲ್ಕುಲೇಟರ್ ಮಾಡೋ ಕ್ಯಾಸಿಯೋ ಕಂಪನಿಯವ್ರು 1980ರಾಗ ಕ್ಯಾಸಿಯೋಟೋನ್ 201 ತಂದ್ರು. ಮುಂದ ಬಂದ ಸಣ್ಣ ಎಂಟಿ-40ರೊಳಗಿನ ರಾಕ್ ತಾಳ ಮಾಡಿದಾಕಿ ಹಿರೋಕೋ ಒಕುದಾ, ಆಗಷ್ಟ ಕೆಲಸಕ್ಕ ಸೇರಿದ್ಲು. ಜಮೈಕಾದಾಗ 1985ರಾಗ ವೇಯ್ನ್ ಸ್ಮಿತ್ ಅದ ತಾಳದ ಮ್ಯಾಲೆ ಹಾಡಿದ್ದು ಅಲ್ಲಿಯ ರೆಗ್ಗೇ ಸಂಗೀತದ ದಿಕ್ಕನ ಬದಲಿಸ್ತು. ಆಟಿಗಿ ಸಾಮಾನಂತ!

ತಗೊಳ್ಳೂದಿದ್ರ ಪೂರಾ ಅಳತೀ 61 ಕೀ ಇರೂದು ನೋಡ್ರಿ, ಬೆರಳು ಮೆತ್ತಗ ಒತ್ತಿದ್ರ ಸಪ್ಪಳಾನೂ ಮೆತ್ತಗ ಬರಬೇಕು. ಕರೆಂಟ್ ಹೋದಾಗ ಸೆಲ್ ಮ್ಯಾಲೆ ನಡದ್ರ ಛಲೋ. ಅಂಗಡಿಯವ ನೂರಾರು ದನಿ ಕೇಳಸ್ತಾನ, ಅದಕ್ಕ ರೊಕ್ಕ ಹಾಕಬ್ಯಾಡ್ರಿ. ಟ್ರಾನ್ಸ್‌ಪೋಸ್ ಗುಂಡಿ ಮಾತ್ರ ಬೇಕ ಬೇಕು. ಹುಡುಗಿ ದನಿ ಕರಿ ನಾಕಕ್ಕಿದ್ರೂ ಕಲತ ಬಿಳಿ ಕೀಯಿಂದನ ಸಾ ಹಿಡೀಬಹುದು. ಪೇಟಿಯೊಳಗ ಈ ಅನುಕೂಲ ಬೇಕಂದ್ರ ಸ್ಕೇಲ್ ಚೇಂಜರ್ ತಗೋಬೇಕು, ಅದು ಭಾಳ ತುಟ್ಟಿ. ಮೀಂಡ್ ಅಂತೂ ಇದರಾಗೂ ಗಂಟಲಿಂದನ ಕಲೀಬೇಕು.