ಸವಡಿ ಸೀಮೆಯ ಪಂಚಮಿ ಉಂಡಿ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸವಡಿ ಮತ್ತು ಅದರ ಸುತ್ತಲಿನ ಎರೆಭೂಮಿಯ ಊರುಗಳಲ್ಲಿ ಶ್ರಾವಣ ಶುದ್ಧ ಪಂಚಮಿಗೆಂದು ಸಿದ್ಧವಾಗುವ ಉಂಡೆಗಳನ್ನು, ಆಡುಮಾತಿನ ‘ಉಂಡಿ’ಗಳನ್ನು, ಹಬ್ಬದ ತಿನಿಸೆಂದಷ್ಟೇ ವರ್ಣಿಸಿ ಮುಂದೆ ಸಾಗುವುದು ವಾಡಿಕೆಯಾದರೂ, ಅವುಗಳ ಆಕಾರ, ಪಾಕ ಮತ್ತು ಪ್ರಮಾಣಗಳನ್ನು ರೂಪಿಸಿದ್ದು ತಿನ್ನುವ ನಾಲಿಗೆಗಿಂತ ಹೆಚ್ಚಾಗಿ ಹಂಚುವ ಪದ್ಧತಿ.

ಈ ಸೀಮೆಯ ಪಾಕವಿದ್ಯೆಯ ಲಿಖಿತ ಹಿನ್ನೆಲೆ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಹೋಗುತ್ತದೆ. ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ, ಎಂದರೆ ಅಡುಗೆಯ ವಿದ್ಯೆಗೆ, ಸ್ಥಾನವಿದೆ, ಅದೇ ಜಯಸಿಂಹನ ಸಹೋದರಿ ಅಕ್ಕಾದೇವಿಯು ‘ಕಿಸುಕಾಡು ಎಪ್ಪತ್ತು’ ಎಂಬ ಆಡಳಿತ ವಿಭಾಗವನ್ನು ಆಳಿದ ಸಂಗತಿಯನ್ನು ಇಲ್ಲಿಂದ ದೂರವಲ್ಲದ ಸೂಡಿಯ ಶಾಸನಗಳು ತಿಳಿಸುತ್ತವೆ. ಮುಂದೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಅರಮನೆಯ ಭಕ್ಷ್ಯಗಳ ವಿವರ ಬರುತ್ತದೆ. ಆದರೆ ಇಂದು ಪಂಚಮಿಯ ತಟ್ಟೆಯಲ್ಲಿ ಮೊದಲ ಸಾಲಿನಲ್ಲಿರುವ ಶೇಂಗಾ ಉಂಡಿಯನ್ನು ಆ ಗ್ರಂಥಗಳಲ್ಲಿ ಹುಡುಕುವಂತಿಲ್ಲ, ಏಕೆಂದರೆ ಶೇಂಗಾ ದಕ್ಷಿಣ ಅಮೆರಿಕದ ಬೆಳೆಯಾಗಿದ್ದು, ಯುರೋಪಿನವರ ಸಮುದ್ರಯಾನಗಳ ನಂತರವೇ ಭಾರತಕ್ಕೆ ಬಂದಿತು. ಪರಂಪರೆಯೆಂದು ಎಲ್ಲರೂ ನಂಬಿರುವ ಈ ಉಂಡಿಯ ಮುಖ್ಯ ಕಾಳು, ಚಾಕೊಲೇಟಿನ ಕೋಕೋ ಬೀಜದಂತೆಯೇ, ದೂರದ ಖಂಡದಿಂದ ಬಂದದ್ದು ಎಂಬುದು ಸ್ವಾರಸ್ಯಕರವಾಗಿದೆ. ಎಳ್ಳು, ಕಡಲೆ, ಹೆಸರು ಮಾತ್ರ ಈ ನೆಲದ ಹಳೆಯ ಒಕ್ಕಲು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗದಗದಿಂದ ಹೊಟಗಿಯವರೆಗೆ ರೈಲುಮಾರ್ಗವಾಗಿ, ತಾಲ್ಲೂಕಿನ ಹೊಳೆಆಲೂರಿನಲ್ಲಿ ನಿಲ್ದಾಣ ಬಂದ ಮೇಲೆ, ಇಲ್ಲಿ ಬೆಳೆಯದ ಕೊಬ್ಬರಿಯಂತಹ ಪದಾರ್ಥಗಳು ಹಳ್ಳಿಯ ಸಂತೆಗೆ ಬರುವುದು ಸುಲಭವಾಯಿತೆಂದು ಭಾವಿಸಲು ಅಡ್ಡಿಯಿಲ್ಲ.

ಉಂಡಿಯ ತಯಾರಿಕೆಯಲ್ಲಿ ಒಲೆಗಿಂತ ಕೈಯ ಕೆಲಸವೇ ನಿರ್ಣಾಯಕ. ಹುರಿದ ಕಾಳನ್ನೋ, ಹಿಟ್ಟನ್ನೋ, ಕಡಲೆಹಿಟ್ಟಿನ ದಪ್ಪ ಸೇವನ್ನೋ ಬೆಲ್ಲದ ‘ಆಣ’ದಲ್ಲಿ ಬೆರೆಸಿ ಕಟ್ಟುವುದೇ ಅದರ ಕ್ರಮ; ಆಣವೆಂದರೆ ಬೆಲ್ಲವನ್ನು ಸ್ವಲ್ಪ ನೀರಿನೊಂದಿಗೆ ಕುದಿಸಿ, ನೀರಿನಂಶ ಆರಿದಂತೆ ಗಟ್ಟಿಗೊಳ್ಳುವ ಪಾಕ. ಅದರ ಹನಿಯನ್ನು ತಣ್ಣೀರಿನಲ್ಲಿ ಬಿಟ್ಟಾಗ ಕರಗದೆ ಬೆರಳಿಗೆ ಮುದ್ದೆಯಾಗಿ ಸಿಗಬೇಕು. ಎಳೆಯದಾದರೆ ಉಂಡಿ ಕುಸಿಯುತ್ತದೆ, ಬಲಿತರೆ ಕಲ್ಲಾಗುತ್ತದೆ. ಆಣ ಆರುವ ಮೊದಲೇ ಕಟ್ಟಿ ಮುಗಿಸಬೇಕಾದುದರಿಂದ ಒಬ್ಬಳೇ ಹೆಂಗಸು ದೊಡ್ಡ ಪ್ರಮಾಣದ ಕೆಲಸವನ್ನು ಪೂರೈಸುವುದು ಕಷ್ಟ. ಹೀಗಾಗಿ ನೆರೆಮನೆಯವರು ಇಂದು ಇವರ ಮನೆಯಲ್ಲಿ, ನಾಳೆ ಅವರ ಮನೆಯಲ್ಲಿ ಕುಳಿತು ಕಟ್ಟುವ ‘ಮುಯ್ಯಿ’ಯ, ಎಂದರೆ ದುಡಿಮೆಗೆ ದುಡಿಮೆಯನ್ನೇ ಮರಳಿಸುವ, ಏರ್ಪಾಡು ಈ ತಿನಿಸಿಗೆ ಸಹಜವಾಗಿ ಹೊಂದಿಕೊಂಡಿತು. ಹಂಚಿಕೆ ಉಂಡಿ ಸಿದ್ಧವಾದ ಮೇಲಲ್ಲ, ಒಲೆಯ ಮುಂದೆಯೇ ಆರಂಭವಾಗುತ್ತಿತ್ತು.

ಪಂಚಮಿಗೆ ಮುಂಚೆ ಬರುವ ‘ರೊಟ್ಟಿ ಹಬ್ಬ’ದಲ್ಲಿ ಎಳ್ಳು ಹಚ್ಚಿದ ಸಜ್ಜೆ ಮತ್ತು ಜೋಳದ ರೊಟ್ಟಿಗಳು ಪಲ್ಯಗಳೊಂದಿಗೆ ಮನೆಯಿಂದ ಮನೆಗೆ ಹೋಗುತ್ತವೆ, ಅನಂತರ ಉಂಡಿಗಳ ಸರದಿ. ಮದುವೆಯಾದ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ತವರಿಗೆ ಕರೆತರುವ ಹಬ್ಬವಿದು, ಜೋಕಾಲಿಯ ಹಬ್ಬವೂ ಹೌದು. ಮರಳುವಾಗ ಅವರೊಂದಿಗೆ ಉಂಡಿಯ ಬುಟ್ಟಿ ಬೀಗರ ಮನೆಗೆ ಹೋಗುತ್ತದೆ. ದುಂಡಗಿನ ಆಕಾರದ ಪ್ರಯೋಜನ ಇಲ್ಲಿ ತಿಳಿಯುತ್ತದೆ. ತಕ್ಕಡಿಯ ಅಗತ್ಯವಿಲ್ಲದೆ ಎಣಿಸಿ ಕೊಡಬಹುದು, ಎಣಿಸಿಯೇ ನೆನಪಿಡಬಹುದು, ಮುಂದಿನ ಸಲ ಅದೇ ಲೆಕ್ಕದಲ್ಲಿ ಮರಳಿಸಬಹುದು. ಒಣಪದಾರ್ಥವಾದ್ದರಿಂದ ದಿನಗಟ್ಟಲೆ ಕೆಡುವುದಿಲ್ಲ. ಬಾಣಂತಿಯ ಆರೈಕೆಗಾಗಿ ಮಾಡುವ ಅಂಟಿನ ಉಂಡಿ, ಎಂದರೆ ಕರಿದ ಮರದ ಅಂಟನ್ನೂ ಕೊಬ್ಬರಿಯನ್ನೂ ಸೇರಿಸಿದ ಉಂಡಿ, ತವರಿನಿಂದ ಹೋಗುವುದೂ ಇದೇ ನಂಟಿನ ಜಾಡಿನಲ್ಲಿ.

ಇದೇ ಅಂಟು, ಬೆಲ್ಲ, ಕೊಬ್ಬರಿ ಮತ್ತು ಒಣಹಣ್ಣುಗಳನ್ನು ಉಂಡೆ ಕಟ್ಟದೆ ತಟ್ಟೆಗೆ ಹೊಯ್ದು ತುಂಡರಿಸಿದಾಗ ಕರದಂಟು ಆಗುತ್ತದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಅಮೀನಗಡ ಹಾಗೂ ಬೆಳಗಾವಿ ಜಿಲ್ಲೆಯ ಗೋಕಾಕ ಅದಕ್ಕೆ ಹೆಸರಾಗಿದ್ದು, ಅಲ್ಲಿ ಸಿಹಿ ಅಂಗಡಿಯ ಕಸುಬಾಗಿ ಬೆಳೆಯಿತು. ತುಂಡು ಮಾರಾಟಕ್ಕೆ ಅನುಕೂಲ, ಉಂಡಿ ನಂಟಿಗೆ ಅನುಕೂಲ ಎನ್ನಬಹುದು. ಇಂಗ್ಲೆಂಡಿನ ಬ್ರಿಸ್ಟಲ್‌ನ ಫ್ರೈ ಕಂಪನಿ 1847ರಲ್ಲಿ ತಿನ್ನುವ ಚಾಕೊಲೇಟನ್ನು ಅಚ್ಚಿಗೆ ಹೊಯ್ದಾಗಲೂ ಅದು ಮಾರಾಟದ ಹಾದಿಯನ್ನೇ ಹಿಡಿಯಿತು. ಈಚೆಗೆ ಓಟ್ಸ್, ಎಂದರೆ ತೋಕೆಗೋಧಿ, ಮತ್ತು ಕೋಕೋ ಪುಡಿಯನ್ನು ಬೆರೆಸಿ ಒಲೆಯಲ್ಲಿ ಬೇಯಿಸಿ ಕೊಯ್ಯುವ ತುಂಡುಗಳೂ ನಗರದ ಮನೆಗಳಲ್ಲಿ ಹಂಚಿಕೆಗೆ ಬಂದಿವೆ. ಧಾನ್ಯ, ಕೊಬ್ಬು ಮತ್ತು ಅಂಟಿಸುವ ಸಿಹಿ ಎಂಬ ಅವುಗಳ ಮೂಲ ಸೂತ್ರ ಉಂಡಿಗೆ ಅಪರಿಚಿತವೇನಲ್ಲ.

ಉತ್ತರ ಕರ್ನಾಟಕದ ಪೇಟೆಗಳಲ್ಲಿ ಪಂಚಮಿ ಉಂಡಿಗಳು ಈಗ ರೊಟ್ಟಿ ಮಾರುವ ಮನೆಗಳಲ್ಲಿ ಕಿಲೋ ಲೆಕ್ಕದಲ್ಲಿ ದೊರೆಯುತ್ತವೆ. ಕೊಂಡವರು ಬೀಗರಿಗೆ ಕಳಿಸುವಾಗ ಮಾತ್ರ ಅವನ್ನು ಮತ್ತೆ ಎಣಿಸಿಯೇ ಬುಟ್ಟಿಗೆ ತುಂಬುತ್ತಾರೆ.